ಘಾಟು ಬೇರೆ, ನಾತ ಬೇರೆ

ಫೆಬ್ರವರಿ ಬಂತು ಅಂದರೆ ನನ್ನ ಫೋನಿಗೆ ಬಿಡುವಿಲ್ಲ. ಕಾಳುಮೆಣಸಿನ ಬಳ್ಳಿ ಕತ್ತರಿಸಿ ಚೀಲಕ್ಕೆ ನೆಡುವ ಕಾಲ ಅದು. ಮೊನ್ನೆ ಸಿದ್ದಾಪುರದ ಕಡೆಯ ಬೆಳೆಗಾರರೊಬ್ಬರು ನರ್ಸರಿ ನೋಡಲು ಕರೆದಿದ್ದರು. ಮೂಲೆಯಲ್ಲೊಂದು ನೀಲಿ ಡ್ರಮ್ಮು, ಬಾಯಿಗೆ ಗೋಣಿಚೀಲ ಕಟ್ಟಿದೆ. ಹತ್ತು ಹೆಜ್ಜೆ ದೂರಕ್ಕೇ ಹೊಟ್ಟೆ ತೊಳಸುವ ನಾತ.

"ಸಾಸಿವೆ ಹಿಂಡಿ ಸಾರ್. ಎಂಟು ದಿನ ನೆನೆಸಿದ್ದೀನಿ. ಈ ವಾಸನೆಗೆ ಜಂತುಹುಳ ಅಲ್ಲ, ಅದರಪ್ಪನೂ ಉಳಿಯಲ್ಲ!"

ಅವರು ಹೇಳಿದ್ದು ಮಣ್ಣಿನಲ್ಲಿದ್ದು ಗಿಡದ ಬೇರು ಹಾಳುಮಾಡುವ ಜಂತುಹುಳ, ಅಂದರೆ ನೆಮಟೋಡ್. ಪ್ರತಿ ವರ್ಷ ಇದೇ ಡ್ರಮ್ಮು, ಇದೇ ಮಾತು. ಊರು ಮಾತ್ರ ಬೇರೆ.

ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ ತೋಟಕ್ಕೆ ಬಂದ ಕೂಡಲೇ ಹೇಗೆ ಮರೆತುಹೋಗುತ್ತದೋ ಕಾಣೆ. ಒಣ ಸಾಸಿವೆ ಮೂಸಿದರೆ ಏನೂ ಇಲ್ಲ. ನೀರು ಹಾಕಿ ಅರೆದರೆ ಮೂಗು ಜುಮ್ಮೆನ್ನುತ್ತದೆ. ಒಗ್ಗರಣೆಯಲ್ಲಿ ಸಿಡಿದ ಸಾಸಿವೆಗೆ ಆ ಘಾಟಿಲ್ಲ. ಅರೆದ ಗೊಜ್ಜನ್ನು ಮಾರನೇ ದಿನಕ್ಕೆ ಇಟ್ಟರೆ ಅದೂ ಸಪ್ಪೆ. ಕಾಳಿನೊಳಗೆ ಗ್ಲುಕೋಸಿನೋಲೇಟ್ ಎಂಬ ರಾಸಾಯನಿಕ ಒಂದು ಕಡೆ, ಮೈರೋಸಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಕಾಳು ಪುಡಿಯಾಗಿ ನೀರು ತಾಗಿದಾಗ ಎರಡೂ ಸೇರಿ ಐಸೋಥಯೋಸೈನೇಟ್ ಹುಟ್ಟುತ್ತದೆ. ಆ ಘಾಟು ಅದರದ್ದೇ. ಜಂತುಹುಳ, ಬೇರು ಕೊಳೆಸುವ ಕೆಲವು ಶಿಲೀಂಧ್ರ, ಇವುಗಳಿಗೆ ಕಂಟಕ ಅದು. ನೀರು ತಾಗಿದ ಮೊದಲ ಕೆಲವು ಗಂಟೆಯಲ್ಲೇ ಅದರ ಜೋರು, ಆಮೇಲೆ ಗಾಳಿಗೆ ಹೋಗುತ್ತದೆ. ಎಂಟನೇ ದಿನ ಡ್ರಮ್ಮಿನಿಂದ ಬರುವುದು ಕೊಳೆತ ಪ್ರೋಟೀನಿನ ನಾತ. ಅದಕ್ಕೆ ನಾವು ಮೂಗು ಮುಚ್ಚಿಕೊಳ್ಳುತ್ತೇವೆ, ಜಂತುಹುಳ ಅಲ್ಲ.

ಹಾಗಂತ ಆ ನೀರು ದಂಡ ಅಲ್ಲ. ಹಿಂಡಿಯಲ್ಲಿ ಸುಮಾರು ಶೇ. 5ರಷ್ಟು ಸಾರಜನಕ ಇರುತ್ತದೆ. ಒಳ್ಳೇ ಗೊಬ್ಬರ. ಕೀಟನಾಶಕ ಅಂದುಕೊಂಡು ಸುಮ್ನೆ ಕೂರಬೇಡಿ, ಅಷ್ಟೇ.

ಘಾಟು ಬೇಕಿದ್ದರೆ ಹಿಂಡಿಯನ್ನು ಒಣಗಿದಂತೆಯೇ ಪುಡಿ ಮಾಡಿ ಮಣ್ಣಿಗೆ ಬೆರೆಸಿ. 100 ಕೆ.ಜಿ. ಮಣ್ಣಿಗೆ ನಾನು ಅರ್ಧ ಕೆ.ಜಿ. ಹೇಳುತ್ತೇನೆ, ಹೆಚ್ಚೆಂದರೆ 1 ಕೆ.ಜಿ. ಬೆರೆಸಿದ ಮೇಲೆ ನೀರು ಹಾಕಿ, ತಕ್ಷಣ ಟಾರ್ಪಾಲು ಮುಚ್ಚಿ, ಅಂಚಿಗೆ ಮಣ್ಣು ಒತ್ತಿ. ವಾರ ಕಳೆದು ತೆಗೆದು ಮಣ್ಣು ತಿರುವಿ ಹಾಕಿ. ನೆಡುವುದು ಮಾತ್ರ ಮೂರು ವಾರ ಆದ ಮೇಲೆ. ಈ ಮೂರು ವಾರವನ್ನು ಮೂರು ದಿನ ಮಾಡುವವರೇ ಜಾಸ್ತಿ. ಘಾಟಿಗೆ ಹುಳದ ಜೀವ, ಎಳೆ ಬೇರಿನ ಜೀವ ಅಂತ ಭೇದ ಇಲ್ಲ. ಕೆಲಸಕ್ಕೆ ಇಳಿದ ಹೊಸದರಲ್ಲಿ ನಾನೇ ಬೆಳಗ್ಗೆ ಹಿಂಡಿ ಬೆರೆಸಿ ಸಂಜೆ ಮೆಣಸಿನಕಾಯಿ ಬೀಜ ಚೆಲ್ಲಿದ್ದೆ. ಒಂದೂ ಮೊಳೆಯಲಿಲ್ಲ. ಬೀಜದ ಅಂಗಡಿಯವನ ಜೊತೆ ಜಗಳ ಬೇರೆ ಆಡಿ ಬಂದಿದ್ದೆ, ಪಾಪ. ಈಗ ಮೊದಲು ಒಂದು ಚೀಲದಲ್ಲಿ ನಾಲ್ಕು ಹೆಸರುಕಾಳು ಹಾಕಿ ನೋಡುತ್ತೇನೆ. ಅವು ಚೆನ್ನಾಗಿ ಮೊಳೆತರೆ ಬಳ್ಳಿ ನೆಡಬಹುದು. ಬೇರಿನ ರೋಗ ತಡೆಯುವ ಉಪಕಾರಿ ಶಿಲೀಂಧ್ರ ಟ್ರೈಕೋಡರ್ಮ ಬೆರೆಸುವುದೂ ಆಮೇಲೆಯೇ.

ನಿಂತ ಕಾಫಿ ಗಿಡದ ಬುಡಕ್ಕೆ ಹಸಿ ಘಾಟಿನ ನೀರು ಬೇಡ. ಒಬ್ಬರು ಗಾಣದ ಹಿಂಡಿ ಕಲಸಿ ಆಗಲೇ ಸುರಿದು, ಖುಷಿಯಿಂದ ಫೋನ್ ಮಾಡಿದ್ದರು: "ಸಾರ್, ಎರೆಹುಳ ಎದ್ದೆದ್ದು ಮೇಲೆ ಬರ್ತಿವೆ, ಭೂಮಿಗೆ ಜೀವ ಬಂತು!" ಮಣ್ಣಿನಲ್ಲಿ ಎಷ್ಟು ಎರೆಹುಳ ಇವೆ ಅಂತ ಎಣಿಸಲು ವಿಜ್ಞಾನಿಗಳು ಸಾಸಿವೆ ಪುಡಿ ಕದಡಿದ ನೀರನ್ನೇ ಸುರಿಯುವುದು. ಉರಿ ತಾಳದೆ ಅವು ಹೊರಗೆ ಬರುತ್ತವೆ. ಫೋನ್ ಮಾಡಿದವರಿಗೆ ಇದನ್ನು ಹೇಳಲು ನನಗೇ ಬೇಜಾರಾಯಿತು.

ಶುಂಠಿಯವರೂ ಕೇಳುತ್ತಾರೆ. ಗೆಡ್ಡೆ ಕೊಳೆಸುವ ಮೆದು ಕೊಳೆ ರೋಗಕ್ಕೆ ಒಂದಿಷ್ಟು ಸಹಾಯ ಆಗಬಹುದು. ಬ್ಯಾಕ್ಟೀರಿಯಾದ ಸೊರಗು ರೋಗ ಬಂದ ಗದ್ದೆಗೆ ಇದನ್ನೇ ನಂಬಿ ಮತ್ತೆ ಶುಂಠಿ ಹಾಕಿ ಅಂತ ನಾನಂತೂ ಹೇಳಲಾರೆ.

ಇನ್ನೊಂದು ತೊಡಕಿದೆ. ನಮ್ಮಲ್ಲಿಗೆ ಈ ಹಿಂಡಿ ಹೊರಗಿನಿಂದ ಬರಬೇಕು. ಮಿಲ್ಲಿನಲ್ಲಿ ಜಾಸ್ತಿ ಬಿಸಿ ತಾಗಿದ ಹಿಂಡಿಯಲ್ಲಿ ಆ ಕಿಣ್ವ ಸತ್ತಿರುತ್ತದೆ, ಒಗ್ಗರಣೆ ಸಾಸಿವೆಯ ಹಾಗೆ. ಚೀಲದ ಮೇಲೆ ಏನೇ ಬರೆದಿರಲಿ, ಪರೀಕ್ಷೆ ಸುಲಭ. ಒಂದು ಚಮಚ ಪುಡಿಗೆ ಉಗುರುಬೆಚ್ಚಗಿನ ನೀರು ಹಾಕಿ ಹತ್ತು ನಿಮಿಷ ಮುಚ್ಚಿಟ್ಟು ಮೂಸಿ. ಘಾಟಿಲ್ಲ ಅಂದರೆ ಕಿಣ್ವ ಸತ್ತಿದೆ ಅಂತ.

ಸಿದ್ದಾಪುರದಲ್ಲೂ ಅದನ್ನೇ ಮಾಡಿದೆ. ಉಳಿದ ಹಿಂಡಿ ತರಿಸಿ ಲೋಟದಲ್ಲಿ ಕಲಸಿ ಅವರ ತಾಯಿಯ ಕೈಗೆ ಕೊಟ್ಟೆ. ಅವರು ಒಮ್ಮೆ ಮೂಸಿದರು, ಇನ್ನೊಮ್ಮೆ ಮೂಸಿದರು. "ಇದಕ್ಕೆ ದುಡ್ಡು ಕೊಟ್ಟಿದ್ದೀಯಾ?" ಅಂತ ಮಗನನ್ನು ಕೇಳಿ ಲೋಟ ಕೆಳಗಿಟ್ಟು ಒಳಗೆ ಹೋದರು.

ಡ್ರಮ್ಮಿನದ್ದಕ್ಕೆ ಹತ್ತು ಪಾಲು ನೀರು ಬೆರೆಸಿ ಬಾಳೆ ಬುಡಕ್ಕೆ ಹಾಕಿಸಿದೆವು. ಎರಡು ದಿನ ಆ ಮನೆಯ ಕಡೆ ನೆಂಟರು ಯಾರೂ ಸುಳಿಯಲಿಲ್ಲವಂತೆ.