ಹಳೇ ಜೀಪಿಗೆ ಡಿಸ್ಕ್ ಹಾಕಿಸಿದರೆ ಬೇಗ ನಿಲ್ಲುತ್ತದಾ?

"ಸಾರ್, ಅಪ್ಪ ತಗೊಂಡಿದ್ದ ಮಹೀಂದ್ರ ಎಂಎಂ540 ಜೀಪಿದೆ. ಮೊದಲೆಲ್ಲ ತೋಟದೊಳಗಷ್ಟೇ ಓಡಿಸ್ತಿದ್ವಿ, ಈಗ ಪೇಟೆಗೂ ತಗೊಂಡು ಹೋಗ್ತೀನಿ. ಬ್ರೇಕ್ ಒತ್ತಿದ್ರೆ ನಿಲ್ಲೋದೇ ಇಲ್ಲ. ಮುಂದಕ್ಕೆ ಡಿಸ್ಕ್ ಹಾಕಿಸಿದ್ರೆ ಬೇಗ ನಿಲ್ಲುತ್ತಾ?"

ಊರು ಬದಲಾಗುತ್ತದೆ, ಮಾಡೆಲ್ ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ. ಸಿಜೆ ಇಟ್ಟುಕೊಂಡವರು ಕೇಳುತ್ತಾರೆ, ಕಮಾಂಡರ್ ಇರುವವರು ಕೇಳುತ್ತಾರೆ, ಮೇಜರ್ ಇರುವವರೂ ಕೇಳುತ್ತಾರೆ. ಉತ್ತರ ಹೇಳಿ ಹೇಳಿ ಬಾಯಿ ಒಣಗಿದೆ. ಆದ್ದರಿಂದ ಒಂದೇ ಸಲ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಓದಿ ಎನ್ನುವುದು.

ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ಬಿಲ್ಲೆಯನ್ನು ಎರಡು ಕಡೆಯಿಂದ ಪ್ಯಾಡುಗಳು ಅದುಮಿ ಹಿಡಿಯುವ ಬ್ರೇಕು. ಹಳೇ ಜೀಪಿನ ಡ್ರಮ್ಮಿನಲ್ಲಿ, ತಿರುಗುವ ಡಬ್ಬಿಯೊಳಗಿಂದ ಲೈನರ್ ಮೆತ್ತಿದ ಶೂಗಳು ಹೊರಕ್ಕೆ ಒತ್ತಿ ಹಿಡಿಯುತ್ತವೆ. ಡಿಸ್ಕ್ ಒಳ್ಳೆಯದೇ. ಹಾಕಿಸಬೇಡಿ ಅಂತ ನಾನು ಎಲ್ಲೂ ಹೇಳಿಲ್ಲ. ಆದರೆ "ಡಿಸ್ಕ್ ಹಾಕಿದರೆ ಗಾಡಿ ಕಡಿಮೆ ದೂರದಲ್ಲಿ ನಿಲ್ಲುತ್ತದೆ" ಅನ್ನುವುದು ಹಸಿ ಸುಳ್ಳು. ನಿಮ್ಮ ಜೀಪು ನಿಲ್ಲುತ್ತಿಲ್ಲವಾದರೆ ಅದರ ಡ್ರಮ್ ಬ್ರೇಕು ಕೆಟ್ಟಿದೆ ಅಂತಷ್ಟೇ ಅರ್ಥ.

ಗಾಡಿಯನ್ನು ನಿಲ್ಲಿಸುವುದು ಯಾವುದು? ಬ್ರೇಕ್ ಚಕ್ರವನ್ನು ನಿಲ್ಲಿಸುತ್ತದೆ. ಗಾಡಿಯನ್ನು ನಿಲ್ಲಿಸುವುದು ಟೈರು ಮತ್ತು ರಸ್ತೆಯ ನಡುವಿನ ಹಿಡಿತ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಜೀಪು ಒಣ ಡಾಂಬರಿನ ಮೇಲೆ, ಟೈರು ಚೆನ್ನಾಗಿದ್ದರೆ, ಹೆಚ್ಚುಕಡಿಮೆ 20 ಮೀಟರಿನಲ್ಲಿ ನಿಲ್ಲಬೇಕು. ಅದೇ ಜೀಪು, ಅದೇ ಬ್ರೇಕು, ಮಳೆ ಬಿದ್ದ ಮಣ್ಣುರಸ್ತೆಯಲ್ಲಿ 35 ಮೀಟರ್ ತಗೊಳ್ಳುತ್ತದೆ. ಈ 15 ಮೀಟರಿನ ವ್ಯತ್ಯಾಸ ಬಂದದ್ದು ನೆಲದಿಂದ. ಕಾಲು ಆಕ್ಸಿಲರೇಟರ್ ಬಿಟ್ಟು ಬ್ರೇಕ್ ಮುಟ್ಟುವುದಕ್ಕೆ ಒಂದು ಸೆಕೆಂಡ್ ಹಿಡಿದರೆ ಅದಕ್ಕೇ 16 ಮೀಟರಿಗಿಂತ ಹೆಚ್ಚು ಹೋಯಿತು. ಆ ಲೆಕ್ಕ ಯಾರೂ ಕೇಳುವುದಿಲ್ಲ.

ನಿಮ್ಮ ಡ್ರಮ್ ಬ್ರೇಕು ಒಣ ಡಾಂಬರಿನ ಮೇಲೆ ನಾಲ್ಕೂ ಚಕ್ರವನ್ನು ಲಾಕ್ ಮಾಡುವಷ್ಟು ಗಟ್ಟಿ ಹಿಡಿಯುತ್ತಿದ್ದರೆ, ಟೈರಿಗೆ ಎಷ್ಟು ತಾಕತ್ತಿದೆಯೋ ಅಷ್ಟನ್ನೂ ಅದು ಬಳಸಿಕೊಂಡಂತೆ. ಅದಕ್ಕಿಂತ ಹೆಚ್ಚು ಹಿಡಿದರೆ ಚಕ್ರ ಜಾರುತ್ತದೆ, ದೂರ ಇನ್ನೂ ಹೆಚ್ಚುತ್ತದೆ. ಅಲ್ಲಿಗೆ ಡಿಸ್ಕ್ ಬಂದು ಏನು ಮಾಡಬೇಕು? ಪರೀಕ್ಷೆ ಸುಲಭ. ಜನ, ದನ ಯಾವುದೂ ಇಲ್ಲದ ಸಮತಟ್ಟು ರಸ್ತೆಯಲ್ಲಿ 30ರ ವೇಗದಲ್ಲಿ ಬ್ರೇಕ್ ಬಲವಾಗಿ ಒತ್ತಿ, ಇಳಿದು ಹಿಂದಕ್ಕೆ ನಡೆದು ಟೈರಿನ ಗುರುತು ನೋಡಿ. ನಾಲ್ಕು ಗೆರೆ ಬಿದ್ದಿದ್ದರೆ ಡಿಸ್ಕಿನ ದುಡ್ಡನ್ನು ಟೈರಿಗೆ ಹಾಕಿ. ಎರಡೇ ಬಿದ್ದಿದ್ದರೆ, ಅಥವಾ ಜೀಪು ಒಂದು ಕಡೆಗೆ ಎಳೆದಿದ್ದರೆ, ಕೆಲಸ ಇರುವುದು ಡ್ರಮ್ಮಿನೊಳಗೆ.

"ಆದರೆ ನಮ್ಮ ಪಕ್ಕದ ಎಸ್ಟೇಟಿನವರು ಡಿಸ್ಕ್ ಹಾಕಿಸಿದ ಮೇಲೆ ಜೀಪು ಬೇಗ ನಿಲ್ಲುತ್ತಿದೆಯಲ್ಲ?" ಈ ಮಾತು ಬರುತ್ತದೆ ಅಂತ ಗೊತ್ತು, ಪ್ರತಿ ಸಲವೂ ಬರುತ್ತದೆ. ಸ್ವಾಮಿ, ಅವರು ಡಿಸ್ಕ್ ಒಂದನ್ನೇ ಹಾಕಿಸಿದ್ದರಾ? ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಪೈಪಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಹೊಸದು, ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಹೊಸದು, ಹೋಸ್ ಪೈಪು ಹೊಸದು, ಬ್ರೇಕ್ ಆಯಿಲ್ ಹೊಸದು, ಆ ಆಯಿಲಿನ ಒತ್ತಡದಲ್ಲಿ ಶೂ ತಳ್ಳುವ ಹಿಂದಿನ ವೀಲ್ ಸಿಲಿಂಡರಿನ ರಬ್ಬರ್ ಕಿಟ್ಟೂ ಹೊಸದು. ಅದಕ್ಕೆ ಮುಂಚೆ ಆ ಜೀಪಿನಲ್ಲಿ ಏನಿತ್ತು? ಒಂದು ವೀಲ್ ಸಿಲಿಂಡರ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಇನ್ನೊಂದು ಕಡೆ ಹಬ್ ಸೀಲ್ ಸೋರಿ ಲೈನರ್ ಗ್ರೀಸಿನಲ್ಲಿ ನೆನೆದಿತ್ತು. ಡ್ರಮ್ಮು ಲೇತಿನಲ್ಲಿ ಎಷ್ಟು ಸಲ ಸವೆದಿತ್ತೋ ದೇವರಿಗೇ ಗೊತ್ತು. ಸತ್ತ ಡ್ರಮ್ಮನ್ನು ಹೊಸ ಡಿಸ್ಕಿನ ಪಕ್ಕ ನಿಲ್ಲಿಸಿ ಹೋಲಿಸಿದರೆ ಗೆಲ್ಲುವುದು ಯಾವುದು? ಅದೇ ದುಡ್ಡಿನ ಅರ್ಧದಲ್ಲಿ ಡ್ರಮ್ಮನ್ನೇ ಸರಿ ಮಾಡಿಸಿ, ಬೂಸ್ಟರ್ ಹಾಕಿಸಿ ನೋಡಿದವರು ಎಷ್ಟು ಜನ? ನನಗೆ ಸಿಕ್ಕವರು ಕಡಿಮೆ. ಡ್ರಮ್ ಸರಿ ಮಾಡಿಸಿದ್ದನ್ನು ಯಾರಿಗೂ ತೋರಿಸುವ ಹಾಗಿಲ್ಲ ನೋಡಿ, ಒಳಗಿರುತ್ತದೆ.

ಇನ್ನೊಂದು ವಿಷಯ ಈ ಮಾತು ಹಬ್ಬಿಸುವವರಿಗೆ ಗೊತ್ತೇ ಇರುವುದಿಲ್ಲ. ಡ್ರಮ್ಮಿನಲ್ಲಿ ಶೂ ತಾಗಿದ ತಕ್ಷಣ, ತಿರುಗುತ್ತಿರುವ ಡ್ರಮ್ಮೇ ಮುಂದಿನ ಶೂವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಬಾಗಿಲ ಸಂದಿಗೆ ಸಿಕ್ಕ ಬೆಣೆ ಬಾಗಿಲು ಒತ್ತಿದಷ್ಟೂ ಬಿಗಿಯಾಗುತ್ತದಲ್ಲ, ಹಾಗೆ. ಆದ್ದರಿಂದಲೇ ಎರಡನೇ ಮಹಾಯುದ್ಧದ ವಿಲ್ಲಿಸ್ ಎಂಬಿಯಿಂದ ಹಿಡಿದು ಸಿಜೆ-3ಬಿವರೆಗಿನ ಜೀಪುಗಳು ಬರೀ 9 ಇಂಚಿನ ಡ್ರಮ್ಮು ಇಟ್ಟುಕೊಂಡು, ಬೂಸ್ಟರ್ ಇಲ್ಲದೆ, ಬರೀ ಕಾಲಿನ ಬಲದಲ್ಲಿ ನಿಲ್ಲುತ್ತಿದ್ದವು. ಡಿಸ್ಕಿನಲ್ಲಿ ಈ ಎಳೆತ ಇಲ್ಲ. ಪ್ಯಾಡು ಎರಡು ಕಡೆಯಿಂದ ನೇರವಾಗಿ ಒತ್ತುತ್ತದೆ, ನೀವು ಒತ್ತಿದಷ್ಟೇ ಹಿಡಿಯುತ್ತದೆ. ಬೂಸ್ಟರ್ ಇಲ್ಲದ ಜೀಪಿಗೆ ಬರೀ ಡಿಸ್ಕ್ ಹಾಕಿಸಿಕೊಂಡು ಬಂದವರ ಮೊದಲ ದೂರು ಇದೇ: "ಪೆಡಲ್ ಕಲ್ಲಿನ ಹಾಗಿದೆ, ಮೊದಲಿದ್ದಷ್ಟೂ ಹಿಡಿಯುತ್ತಿಲ್ಲ."

ಹಾಗಾದರೆ ಡಿಸ್ಕ್ ಯಾತಕ್ಕೆ? ಬಿಸಿಗೆ, ಮತ್ತೆ ನೀರಿಗೆ.

ಆಗುಂಬೆ ಘಾಟಿಯನ್ನೇ ತಗೊಳ್ಳಿ. ಮೇಲಿನಿಂದ ಘಾಟಿ ಬುಡದ ಸೋಮೇಶ್ವರದವರೆಗೆ ಸುಮಾರು 500 ಮೀಟರ್ ಇಳಿತ. ಆಳು, ಸಾಮಾನು ಸೇರಿ 1,500 ಕಿಲೋ ತೂಗುವ ಜೀಪು ಅಷ್ಟು ಇಳಿದರೆ ಹುಟ್ಟುವ ಶಕ್ತಿ, ಅದೇ ಜೀಪನ್ನು 60ರ ವೇಗದಿಂದ 35 ಸಲ ಪೂರ್ತಿ ನಿಲ್ಲಿಸಿದ್ದಕ್ಕೆ ಸಮ. ಗೇರ್ ಮೇಲೆ ಇಳಿಸಿದರೆ ಇದರಲ್ಲಿ ದೊಡ್ಡ ಪಾಲನ್ನು ಎಂಜಿನ್ ನುಂಗಿಕೊಳ್ಳುತ್ತದೆ. ಬ್ರೇಕ್ ಮೇಲೇ ಇಳಿಸಿದರೆ ಅಷ್ಟೂ ಬಿಸಿಯಾಗಿ ನಾಲ್ಕು ಡ್ರಮ್ಮಿನೊಳಗೆ ಕೂರುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ಬಿಸಿಯಾದ ಡ್ರಮ್ಮು ಹಿಗ್ಗಿ ಶೂನಿಂದ ದೂರ ಸರಿಯುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ಲೈನರ್ ಸುಟ್ಟ ವಾಸನೆ ಬಂದಾಗ ಹಿಡಿತ ಆಗಲೇ ಹೋಗಿರುತ್ತದೆ. ಡಿಸ್ಕು ಗಾಳಿಗೆ ತೆರೆದಿರುವುದರಿಂದ ಬೇಗ ತಣಿಯುತ್ತದೆ, ಹಿಗ್ಗಿದರೂ ಪ್ಯಾಡಿನ ಕಡೆಗೇ ಹಿಗ್ಗುತ್ತದೆ. ಹಾಗಾಗಿ ಮೊದಲನೇ ಬ್ರೇಕಿನಲ್ಲಿ ಡ್ರಮ್ಮಿಗೂ ಡಿಸ್ಕಿಗೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಇಪ್ಪತ್ತನೇ ಬ್ರೇಕಿನಲ್ಲಿ ಇದೆ. ವಾರಕ್ಕೆ ಎರಡು ಸಲ ಚಾರ್ಮಾಡಿ ಇಳಿಯುವವರಿಗೆ ನಾನು ಡಿಸ್ಕ್ ಹಾಕಿಸಿ ಅನ್ನುತ್ತೇನೆ. ತೋಟದ ಗೇಟಿನಿಂದ ಕಣದವರೆಗೆ ಓಡಿಸುವವರಿಗೆ ಅನ್ನುವುದಿಲ್ಲ.

ನೀರಿನದೂ ಹಾಗೇ. ಹಳ್ಳ ದಾಟಿದ ಮೇಲೆ ಡ್ರಮ್ಮಿನೊಳಗೆ ನೀರು ನಿಂತು, ಲೈನರ್ ಒದ್ದೆಯಾಗಿ, ಮೊದಲ ಎರಡು ಮೂರು ಸಲ ಒತ್ತಿದಾಗ ಏನೂ ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಕೆಂಪು ರಾಡಿ ಒಳಗೆ ಸೇರಿದರೆ ಅದು ಸಾಣೆ ಹಿಡಿದಂತೆ ಲೈನರನ್ನೂ ಡ್ರಮ್ಮನ್ನೂ ತಿನ್ನುತ್ತದೆ. ಡಿಸ್ಕು ಒಂದು ಸುತ್ತು ತಿರುಗುವುದರೊಳಗೆ ನೀರನ್ನು ಒರೆಸಿ ಎಸೆಯುತ್ತದೆ. 1970ರಲ್ಲಿ ಬಂದ ಮೊದಲ ರೇಂಜ್ ರೋವರಿಗೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಇತ್ತು. ಅಮೆರಿಕದ ಸಿಜೆ ಜೀಪುಗಳಿಗೆ ಮುಂದಿನ ಡಿಸ್ಕು ಬಂದದ್ದು 1977ರಲ್ಲಿ. ನಮ್ಮ ಕಡೆ ಆಮೇಲೂ ಬಹಳ ಕಾಲ ಡ್ರಮ್ಮೇ.

ಈಗ ಕೆಲಸದ ವಿಚಾರ. ನಿಮ್ಮ ಎಂಎಂ540ಗೆ ನಾನಾದರೆ ಮೊದಲು ಮಾಡಿಸುವುದು ಒಂದು ಪೂರ್ತಿ ಡ್ರಮ್ ಸರ್ವಿಸ್. ನಾಲ್ಕೂ ವೀಲ್ ಸಿಲಿಂಡರ್ ಬಿಚ್ಚಿಸಿ, ಒಳಗೆ ಗುಳಿ ಬಿದ್ದಿದ್ದರೆ ರಬ್ಬರ್ ಹಾಕಿ ಸಮಾಧಾನ ಮಾಡಿಕೊಳ್ಳದೆ ಸಿಲಿಂಡರನ್ನೇ ಬದಲಾಯಿಸಿ. ಲೇತಿಗೆ ಹಾಕಿದ ಡ್ರಮ್ಮಿನ ಸುತ್ತಳತೆ ದೊಡ್ಡದಾಗಿರುತ್ತದೆ, ಹೊಸ ಲೈನರ್ ನಡುವೆ ಮಾತ್ರ ತಾಗುತ್ತದೆ. ಡ್ರಮ್ಮಿನ ಒಳಗೆ ಸೀಮೆಸುಣ್ಣ ಹಚ್ಚಿ, ಶೂ ಒತ್ತಿ ತಿರುಗಿಸಿದರೆ ಎಲ್ಲಿ ತಾಗುತ್ತಿದೆ ಅಂತ ಕಾಣುತ್ತದೆ. ಇಡೀ ಲೈನರಿಗೆ ಸುಣ್ಣ ಹತ್ತುವವರೆಗೆ ಉಜ್ಜಿಸಿ. ಇದಕ್ಕೆ ತಾಳ್ಮೆ ಇರುವ ಮೆಕ್ಯಾನಿಕ್ ಬೇಕು. ಸಿಕ್ಕರೆ ಬಿಡಬೇಡಿ.

ಆಮೇಲೆ ಟ್ಯಾಂಡಮ್ ಮಾಸ್ಟರ್ ಸಿಲಿಂಡರ್. ಹಳೇ ಜೀಪುಗಳದ್ದು ಒಂದೇ ಲೈನು: ಎಲ್ಲೋ ಒಂದು ಕಡೆ ಪೈಪು ಒಡೆದರೆ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೇ ಹೋಯಿತು. ಟ್ಯಾಂಡಮ್‌ನಲ್ಲಿ ಮುಂದಿನದು ಬೇರೆ, ಹಿಂದಿನದು ಬೇರೆ. ನನ್ನ ಲೆಕ್ಕದಲ್ಲಿ ಡಿಸ್ಕಿಗಿಂತ ಇದು ಮುಖ್ಯ, ಆದರೆ ಇದನ್ನು ಯಾರೂ ಕೇಳುವುದಿಲ್ಲ.

ಮೂರನೆಯದು ಬೂಸ್ಟರ್. ಅದು ಕೆಲಸ ಮಾಡುವುದು ವ್ಯಾಕ್ಯೂಮ್ (ನಿರ್ವಾತ) ಎಳೆತದಿಂದ. ಡೀಸೆಲ್ ಎಂಜಿನ್ನಿನ ಗಾಳಿ ಎಳೆಯುವ ಮ್ಯಾನಿಫೋಲ್ಡಿನಲ್ಲಿ ಪೆಟ್ರೋಲಿನದರ ಹಾಗೆ ವ್ಯಾಕ್ಯೂಮ್ ಹುಟ್ಟುವುದಿಲ್ಲ. ಅದಕ್ಕೆ ವ್ಯಾಕ್ಯೂಮ್ ಪಂಪ್ ಬೇಕು, ಸಾಮಾನ್ಯವಾಗಿ ಆಲ್ಟರ್ನೇಟರಿನ ಬೆನ್ನಿಗೇ ಬರುತ್ತದೆ. ಪಂಪ್ ಇಲ್ಲದೆ ಬೂಸ್ಟರ್ ತಗುಲಿಸಿದ ಜೀಪುಗಳನ್ನೂ ನೋಡಿದ್ದೇನೆ. ಅದು ಬರೀ ಅಲಂಕಾರ. ಎಂಜಿನ್ ನಿಂತರೆ ಬೂಸ್ಟರಿನಲ್ಲಿ ಎರಡು ಮೂರು ಸಲ ಒತ್ತುವಷ್ಟು ವ್ಯಾಕ್ಯೂಮ್ ಉಳಿದಿರುತ್ತದೆ, ಆಮೇಲೆ ಪೆಡಲ್ ಮರದ ಹಾಗೆ. ಡೀಸೆಲ್ ಉಳಿಸುತ್ತೇನೆ ಅಂತ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಘಾಟಿ ಇಳಿಸುವವರು ಇದನ್ನು ಎರಡು ಸಲ ಓದಿಕೊಳ್ಳಿ.

ಇಷ್ಟು ಆದ ಮೇಲೂ ಡಿಸ್ಕ್ ಬೇಕು ಅನ್ನಿಸಿದರೆ ಮುಂದಕ್ಕೆ ಮಾತ್ರ ಹಾಕಿಸಿ. ಇಲ್ಲಿ ಮೂರು ಕಡೆ ಎಡವುತ್ತಾರೆ. ಒಂದು, ಮಾಸ್ಟರ್ ಸಿಲಿಂಡರಿನ ಬೋರು, ಅಂದರೆ ಒಳವ್ಯಾಸ. ಡಿಸ್ಕಿನ ಪ್ಯಾಡು ಒತ್ತುವ ಕ್ಯಾಲಿಪರಿಗೆ ಆಯಿಲ್ ಹೆಚ್ಚು ಬೇಕು. ಮುಕ್ಕಾಲು ಇಂಚಿನಂಥ ಸಣ್ಣ ಬೋರು ಇಟ್ಟರೆ ಪೆಡಲ್ ನೆಲ ಮುಟ್ಟುತ್ತದೆ. 1 ಇಂಚಿನದು ಹಾಕಿದರೆ ಪೆಡಲ್ ಮೇಲೆ ನಿಲ್ಲುತ್ತದೆ, ಆದರೆ ಅದೇ ಕಾಲಿನ ಬಲಕ್ಕೆ ಲೈನಿನ ಒತ್ತಡ ಶೇ. 44ರಷ್ಟು ಇಳಿಯುತ್ತದೆ, ಅದನ್ನು ತುಂಬಿಕೊಡಲು ಬೂಸ್ಟರ್ ಇರಲೇಬೇಕು. ಎರಡು, ಡ್ರಮ್ ಲೈನಿನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಹಿಡಿದಿಡುವ ಸಣ್ಣ ವಾಲ್ವ್ ಇರುತ್ತದೆ. ಅದು ಡಿಸ್ಕಿನ ಲೈನಿನಲ್ಲಿ ಉಳಿದರೆ ಪ್ಯಾಡು ಸದಾ ಉಜ್ಜುತ್ತಲೇ ಇರುತ್ತದೆ, ಹತ್ತು ಕಿಲೋಮೀಟರಿಗೆ ಚಕ್ರ ಮುಟ್ಟಲಾಗದಷ್ಟು ಬಿಸಿ. ಹಾಗಂತ ಪೂರ್ತಿ ತೆಗೆದರೂ ಕಷ್ಟ: ಹಳೇ ಮಾಡೆಲ್‌ಗಳಲ್ಲಿ ಮಾಸ್ಟರ್ ಸಿಲಿಂಡರ್ ಕಾಲಡಿ ಛಾಸಿಯಲ್ಲಿರುವುದರಿಂದ ಆಯಿಲ್ ಹಿಂದಕ್ಕೆ ಹರಿದು, ಪ್ರತಿ ಸಲ ಎರಡು ಪಂಪ್ ಹೊಡೆಯಬೇಕಾಗುತ್ತದೆ. ಅಲ್ಲಿಗೆ 2 ಪಿಎಸ್‌ಐ ವಾಲ್ವ್ ಬೇರೆಯೇ ಬೇಕು. ಮೂರು, ಹಿಂದಿನ ಲೈನಿಗೆ ಒತ್ತಡ ತಗ್ಗಿಸುವ ಪ್ರೊಪೋರ್ಷನಿಂಗ್ ವಾಲ್ವ್. ಇಲ್ಲದಿದ್ದರೆ ಖಾಲಿ ಜೀಪಿನ ಹಿಂದಿನ ಡ್ರಮ್ಮು ಮೊದಲು ಲಾಕ್ ಆಗಿ, ಒದ್ದೆ ರಸ್ತೆಯಲ್ಲಿ ಬಾಲ ಮುಂದಕ್ಕೆ ಬರುತ್ತದೆ. ಈ ಮೂರನ್ನೂ ಮೆಕ್ಯಾನಿಕ್ ಹತ್ತಿರ ಮೊದಲೇ ಕೇಳಿ. "ಅದೆಲ್ಲ ಬೇಡ ಸಾರ್, ಹಂಗೇ ಕೂರುತ್ತೆ" ಅಂದರೆ ಜೀಪು ವಾಪಸ್ ತಗೊಂಡು ಬನ್ನಿ.

ಆಕ್ಸಲ್ಲೇ ಬದಲಾಯಿಸುವ ಯೋಚನೆ ಇದ್ದರೆ ಆರ್‌ಟಿಓ ಮತ್ತು ವಿಮೆಯವರನ್ನು ಮೊದಲೇ ವಿಚಾರಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಬಗ್ಗೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಮಾರ್ಪಾಡುಗಳನ್ನು ಬಿಗಿಯಾಗಿ ನೋಡುತ್ತಾರೆ.

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯುವುದಿಲ್ಲ. ತೇವ ಹೀರಿದ ಮೇಲೆ ಅದು 140ಕ್ಕೆ ಇಳಿಯಬಹುದು. ಮಲೆನಾಡಿನ ಮಳೆಗಾಲದಲ್ಲಿ ಅದು ತೇವ ಹೀರದೆ ಇರುತ್ತದಾ?

ಹಾಂ, 31 ಇಂಚಿನ ಟೈರು ಹಾಕಿಸಿಕೊಂಡು "ಬ್ರೇಕ್ ಹಿಡೀತಿಲ್ಲ" ಅನ್ನುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. 29 ಇಂಚಿನಿಂದ 31ಕ್ಕೆ ಹೋದರೆ ಅದೇ ಬ್ರೇಕಿನ ಬಲ ನೆಲ ಮುಟ್ಟುವಷ್ಟರಲ್ಲಿ ಶೇ. 6ಕ್ಕೂ ಹೆಚ್ಚು ಕಡಿಮೆಯಾಗಿರುತ್ತದೆ, ಚಕ್ರದ ತೂಕ ಬೇರೆ.

ಯಾರೂ ಕೇಳದಿದ್ದರೂ ಹ್ಯಾಂಡ್‌ಬ್ರೇಕಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಫುಟ್‌ಬ್ರೇಕಿಗೆ ಇಷ್ಟು ಖರ್ಚು ಮಾಡಿದವರು ಇದನ್ನು ಮರೆತೇಬಿಡುತ್ತಾರೆ. ಹಳೇ ಜೀಪುಗಳಲ್ಲಿ ಬಹುತೇಕ ಇದು ಚಕ್ರಕ್ಕೆ ಇರುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ (ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಆಕ್ಸಲ್ಲಿಗೆ ಹಂಚುವ ಪೆಟ್ಟಿಗೆ) ಹಿಂದೆ, ಹಿಂದಿನ ಆಕ್ಸಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿಗೆ ಒಂದು ಸಣ್ಣ ಡ್ರಮ್ಮು. ಓಡುವಾಗ ಇದನ್ನು ಎಳೆದರೆ ಪೆಟ್ಟು ಬೀಳುವುದು ಶಾಫ್ಟಿನ ಕೀಲಾದ ಯುಜೆ ಕ್ರಾಸಿಗೆ, ಆಕ್ಸಲ್ಲಿಗೆ. ಆದ್ದರಿಂದ ಇದು ನಿಲ್ಲಿಸಿದ ಮೇಲೆ ಮಾತ್ರ. ಟ್ರಾನ್ಸ್‌ಫರ್ ಕೇಸಿನ ಸೀಲ್ ಸೋರಿದರೆ ಈ ಡ್ರಮ್ಮಿನೊಳಗೆ ಎಣ್ಣೆ ಇಳಿಯುತ್ತದೆ, ಆಗ ಎಷ್ಟು ಟೈಟ್ ಮಾಡಿದರೂ ಹಿಡಿಯುವುದಿಲ್ಲ. ಕೇಬಲ್ಲನ್ನು ಬೈಯುವ ಮೊದಲು ಸೀಲ್ ನೋಡಿ.

ಇನ್ನೂ ಅಪಾಯದ್ದು ಪಂಕ್ಚರ್ ಹಾಕುವಾಗ. ಹ್ಯಾಂಡ್‌ಬ್ರೇಕ್ ಎಳೆದು, ಫಸ್ಟ್ ಗೇರಿನಲ್ಲಿಟ್ಟು, ಹಿಂದಿನ ಒಂದು ಚಕ್ರವನ್ನು ಜಾಕ್ ಎತ್ತಿದರೆ ಆ ಎರಡೂ ಉಪಯೋಗಕ್ಕೆ ಬಾರವು. ಎರಡೂ ಹಿಡಿಯುವುದು ಶಾಫ್ಟನ್ನು. ಎತ್ತಿದ ಚಕ್ರ ಹಿಮ್ಮುಖ ತಿರುಗಿದರೆ ನೆಲದ ಮೇಲಿನ ಚಕ್ರ ಎರಡು ಚಕ್ರ ಬೇರೆ ಬೇರೆಯಾಗಿ ತಿರುಗಲು ಬಿಡುವ ಡಿಫರೆನ್ಷಿಯಲ್ ಮೂಲಕ ಸಲೀಸಾಗಿ ಉರುಳುತ್ತದೆ, ಜೀಪು ಜಾಕಿನಿಂದ ಜಾರುತ್ತದೆ. ಮುಂದಿನ ಚಕ್ರವನ್ನು ಆಕ್ಸಲ್ಲಿಗೆ ಸೇರಿಸುವ ಫ್ರಂಟ್ ಹಬ್ ಲಾಕ್ ಮಾಡಿ ಫೋರ್‌ವೀಲಿಗೆ ಹಾಕಿ, ಆಗ ಮುಂದಿನ ಚಕ್ರಗಳೂ ಹಿಡಿದುಕೊಳ್ಳುತ್ತವೆ. ಅದಕ್ಕೂ ಮೊದಲು, ಜಾಕ್ ಕೈಗೆ ತಗೊಳ್ಳುವ ಮುಂಚೆ, ನೆಲದ ಮೇಲೇ ಉಳಿಯುವ ಹಿಂದಿನ ಚಕ್ರಕ್ಕೆ ಹಿಂದೊಂದು ಮುಂದೊಂದು ಕಲ್ಲು ಕೊಡಿ. ದುಂಡನೆಯದಲ್ಲ, ಚಪ್ಪಟೆ ಮುಖದ್ದು.