ಮೋಡ ಕವಿದರೆ ಗೆಕ್ಕೊ ಯಾಕೆ ತಿನ್ನುವುದಿಲ್ಲ?

ಎರಡು ದಿನ ಮೋಡ ಕವಿದು ಚಳಿ ಹಿಡಿದರೆ, ಸಾಕಿದ ಗೆಕ್ಕೊ (ಒಂದು ಬಗೆಯ ಹಲ್ಲಿ) ಹುಳುವಿನ ಕಡೆ ತಿರುಗಿಯೂ ನೋಡದಿರಬಹುದು. ಬಿರುಗಾಳಿ ಬರುವುದು ಅದಕ್ಕೆ ಮೊದಲೇ ಗೊತ್ತಾಗುತ್ತದೆ ಎನ್ನುವವರಿದ್ದಾರೆ. ಕೇಳೋಕೆ ಚೆನ್ನಾಗಿದೆ. ಆದರೆ ಹಲ್ಲಿಯನ್ನು ಜ್ಯೋತಿಷಿ ಮಾಡುವ ಮೊದಲು ಅದರ ಹೊಟ್ಟೆಯಡಿಯ ನೆಲ ಎಷ್ಟು ಬಿಸಿಯಿದೆ ಅಂತ ನೋಡಿ.

ಗೆಕ್ಕೊ ನಮ್ಮಂತೆ ಒಳಗಿನಿಂದ ಮೈ ಕಾಯಿಸಿಕೊಳ್ಳುವುದಿಲ್ಲ. ಜೀರ್ಣಕ್ಕೆ ಬೇಕಾದ ಶಾಖವೂ ಹೊರಗಿನಿಂದಲೇ ಬರಬೇಕು. ತಾಪಮಾನ 10 ಡಿಗ್ರಿ ಇಳಿದರೆ ಇಂಥ ಕ್ರಿಯೆಗಳ ವೇಗ ಸುಮಾರು ಅರ್ಧಕ್ಕೋ ಮೂರನೇ ಒಂದಕ್ಕೋ ಇಳಿಯುತ್ತದೆ. ಶಾಖಕ್ಕೂ ರಾಸಾಯನಿಕ ಕ್ರಿಯೆಯ ವೇಗಕ್ಕೂ ಇರುವ ಈ ನಂಟನ್ನು 1884ರಲ್ಲೇ ಬರೆದಿಟ್ಟವರು ಡಚ್ ವಿಜ್ಞಾನಿ ವಾಂಟ್ ಹಾಫ್. 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಸಿಕ್ಕಿದ್ದು ಅವರಿಗೇ. ಹಲ್ಲಿಯ ಹೊಟ್ಟೆಗೂ ಅದೇ ಲೆಕ್ಕ. ತಣ್ಣನೆಯ ಹೊಟ್ಟೆಗೆ ಹುಳು ಹಾಕುವುದೆಂದರೆ ಆರಿದ ಒಲೆಯ ಮೇಲೆ ಪಾತ್ರೆ ಇಟ್ಟ ಹಾಗೆ. ಅದು ಒಳಗೇ ಕೊಳೆಯಬಹುದು. ಅಂದರೆ ಚಳಿಯಲ್ಲಿ ಹಸಿವು ಸತ್ತರೆ ಅದು ಕಾಯಿಲೆಯೇ ಆಗಬೇಕಿಲ್ಲ, ಜಾಣತನವೂ ಹೌದು.

‘ತಣ್ಣನೆ ರಕ್ತದ ಪ್ರಾಣಿ’ ಎಂದ ಕೂಡಲೇ ಸುಮ್ನೆ ಬಿದ್ದಿರುವ ಜೀವ ಎಂದುಕೊಳ್ಳುತ್ತಾರೆ. ವಿಜ್ಞಾನಿಗಳಾದ ಕೌಲ್ಸ್ ಮತ್ತು ಬೊಗರ್ಟ್ 1944ರಲ್ಲೇ ತೋರಿಸಿದ್ದರು, ಮರುಭೂಮಿಯ ಸರೀಸೃಪಗಳು ಬಿಸಿಲು-ನೆರಳಿಗೆ ಓಡಾಡಿ ಮೈಶಾಖವನ್ನು ತಾವೇ ಹದಮಾಡಿಕೊಳ್ಳುತ್ತವೆ ಎಂದು. ರಾತ್ರಿ ತಿರುಗುವ ಲೆಪರ್ಡ್ ಗೆಕ್ಕೊ ಬಿಸಿ ಕಲ್ಲಿಗೆ ಹೊಟ್ಟೆ ಅಂಟಿಸಿ ಶಾಖ ಹೀರುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಆ ಕಲ್ಲಿನ ಬದಲು ಹೀಟ್ ಮ್ಯಾಟ್, ಅಂದರೆ ಕರೆಂಟಿನಿಂದ ಬಿಸಿಯಾಗುವ ಹಾಸು, ಇರುತ್ತದೆ. ಶಾಖವನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಇಲ್ಲದ ಮ್ಯಾಟ್ ಕೋಣೆಯ ತಾಪಕ್ಕಿಂತ ಇಷ್ಟು ಡಿಗ್ರಿ ಜಾಸ್ತಿ ಅಂತ ಮಾತ್ರ ಕಾಯಿಸುತ್ತದೆ. ಕೋಣೆ 6 ಡಿಗ್ರಿ ತಣ್ಣಗಾದರೆ ಬಿಸಿ ಮೂಲೆಯೂ ಹತ್ತಿರಹತ್ತಿರ ಅಷ್ಟೇ ಇಳಿಯುತ್ತದೆ. ಹೊರಗಿನ ಹವೆ ಪೆಟ್ಟಿಗೆಯೊಳಗೆ ನುಗ್ಗುವುದು ಹೀಗೆ, ಅಲ್ವಾ?

ಲೆಪರ್ಡ್ ಗೆಕ್ಕೊಗೆ ಬಿಸಿ ಮೂಲೆಯ ನೆಲ ಸುಮಾರು 32 ಡಿಗ್ರಿ ಇರಬೇಕು. ಅಳೆಯಬೇಕಾದ್ದು ಗೋಡೆಯನ್ನಲ್ಲ, ನೆಲವನ್ನು. ಪೆಸಿಫಿಕ್ ಸಾಗರದ ದ್ವೀಪ ನ್ಯೂ ಕ್ಯಾಲಿಡೋನಿಯಾದ ಕ್ರೆಸ್ಟೆಡ್ ಗೆಕ್ಕೊ ಇದಕ್ಕೆ ತದ್ವಿರುದ್ಧ. ಅದಕ್ಕೆ 22ರಿಂದ 26 ಡಿಗ್ರಿ ಹಿತ, ಬೇಸಿಗೆಯ ಸೆಕೆಯಲ್ಲೇ ಅದು ಊಟ ಬಿಡುತ್ತದೆ.

ಪೊರೆ ಬಿಡುವ ಮುಂಚೆ ಮೈ ಬಿಳಿಚಿಕೊಂಡಾಗಲೂ ಒಂದೆರಡು ದಿನ ಉಪವಾಸ ಇರುತ್ತವೆ. ದೊಡ್ಡ ಲೆಪರ್ಡ್ ಗೆಕ್ಕೊ ಬಾಲದಲ್ಲಿ ಕೊಬ್ಬು ಕೂಡಿಡುವುದರಿಂದ ಕೆಲ ದಿನ ತಡೆದೀತು. ಮರಿಗಳಿಗೆ ಅಷ್ಟು ದಾಸ್ತಾನಿಲ್ಲ. ಬಲವಂತವಾಗಿ ಬಾಯಿಗೆ ತುರುಕಬೇಡಿ, ಮೊದಲು ನೆಲ ಬಿಸಿ ಮಾಡಿ. ಬಿಸಿ ಸರಿಯಿದ್ದೂ ಬಾಲ ಸೊರಗುತ್ತಾ ಬಂದರೆ ಹವಾಮಾನವನ್ನು ದೂರುತ್ತಾ ಕೂರದೆ ಪಶುವೈದ್ಯರ ಹತ್ತಿರ ಕರೆದೊಯ್ಯಿರಿ.