ಪೆಟ್ಟಿಗೆ ಆಮೇಲೆ, ಮೊದಲು ವೈರ್

ಮಂಡ್ಯದ ನಮ್ಮ ಭಾವ ಎಲೆಕ್ಟ್ರಿಕ್ ಕಾರು ತಗೊಂಡರು. ಕೆಲಸ ಮೈಸೂರಿನಲ್ಲಿ. ಹೋಗಿ ಬಂದು ದಿನಕ್ಕೆ ಸುಮಾರು 90 ಕಿಲೋಮೀಟರ್. ಕಾರಿನ ಜೊತೆ ಎರಡು ಸಾಮಾನು ಬಂದವು. ಒಂದು, ಉದ್ದನೆಯ ಕೇಬಲ್. ನಡುವೆ ಇಟ್ಟಿಗೆಯಷ್ಟು ದಪ್ಪದ ಡಬ್ಬಿ, ತುದಿಯಲ್ಲಿ ಗೀಜರ್‌ಗೆ ಇರುವಂಥದ್ದೇ ಮೂರು ಪಿನ್ನಿನ ಪ್ಲಗ್. ಇನ್ನೊಂದು, ಗೋಡೆಗೆ ಕೂರಿಸುವ 7.2 ಕಿಲೋವ್ಯಾಟ್‌ನ ಬಿಳಿ ಪೆಟ್ಟಿಗೆ. ಶೋರೂಮಿನವರು "ಇದನ್ನೇ ಹಾಕಿಸಿ ಸಾರ್, ಬೇಗ ಆಗುತ್ತೆ" ಅಂದಿದ್ದರಂತೆ. ಭಾವ ಫೋನ್ ಮಾಡಿ, "ಯಾವುದು ಹಾಕಿಸಲಿ ಹೇಳಪ್ಪ" ಅಂದರು.

"ಅದಿರಲಿ ಭಾವ, ಮನೆ ವೈರಿಂಗ್ ಮಾಡಿಸಿ ಎಷ್ಟು ವರ್ಷ ಆಯ್ತು?" ಅಂತ ಕೇಳಿದೆ. ಹಾಗೆ ಕೇಳಿದ್ದಕ್ಕೆ ಕಾರಣ ಇತ್ತು.

ನಾನು ಕುವೆಂಪುನಗರದ ಹಳೇ ಮನೆಯಲ್ಲಿರೋನು. ನನ್ನ ಕಾರು ಬಂದ ಹೊಸತರಲ್ಲಿ ಪೋರ್ಟಿಕೋದಲ್ಲಿದ್ದ 15 ಆಂಪಿಯರ್ ಪ್ಲಗ್ಗಿಗೇ ಹಾಕಿದೆ. ಒಂದು ವಾರ ಎಲ್ಲ ಚೆನ್ನಾಗಿತ್ತು. ಎಂಟನೇ ರಾತ್ರಿ ಮೀನು ಕೊಳೆತಂಥ ಒಂದು ವಾಸನೆ. ನಮ್ಮದು ಮೀನು ತರುವ ಮನೆಯಲ್ಲ. ಹುಡುಕುತ್ತಾ ಹೋದರೆ ಸಾಕೆಟ್ಟಿನ ಬಿಳಿ ಪ್ಲಾಸ್ಟಿಕ್ ಕಾಫಿ ಬಣ್ಣಕ್ಕೆ ತಿರುಗಿದೆ. ಮೇನ್ ಆಫ್ ಮಾಡಿ ಬಿಚ್ಚಿ ನೋಡಿದೆ. ಒಂದು ತೂತಿನ ಹಿಂದಿನ ಹಿತ್ತಾಳೆ ಹಿಡಿ ನೀಲಿಗಟ್ಟಿತ್ತು, ವೈರ್ ಹಿಡಿದಿದ್ದ ಸ್ಕ್ರೂ ಅರ್ಧ ಸುತ್ತು ಸಡಿಲ ಆಗಿತ್ತು. ಅಷ್ಟೇ ತಪ್ಪು. ಅರ್ಧ ಸುತ್ತು.

ಅದೇ ಪ್ಲಗ್ಗಿನಲ್ಲಿ ಹತ್ತು ವರ್ಷ ಇಸ್ತ್ರಿಪೆಟ್ಟಿಗೆ ಓಡಿತ್ತು, ಏನೂ ಆಗಿರಲಿಲ್ಲ. ಹಾಗಾದರೆ ಕಾರು ಏನು ಬೇರೆ ಮಾಡಿತು? ಇಲ್ಲಿ ಎರಡು ವಿಷಯ ಇವೆ. ಸಡಿಲವಾದ ಜಾಗ ಕರೆಂಟಿಗೆ ಅಡ್ಡಿ ಮಾಡುತ್ತದೆ, ಅಡ್ಡಿ ಇದ್ದಲ್ಲಿ ಬಿಸಿ ಹುಟ್ಟುತ್ತದೆ. ಈ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟ್ ಎರಡರಷ್ಟಾದರೆ ಬಿಸಿ ನಾಲ್ಕರಷ್ಟು. ಸಡಿಲ ಸ್ಕ್ರೂವಿನ ಅಡ್ಡಿ ಬರೀ 0.1 ಓಮ್ ಅಂದುಕೊಳ್ಳಿ. 2 ಕಿಲೋವ್ಯಾಟ್ ಗೀಜರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, ಆ ಜಾಗದಲ್ಲಿ 8 ವ್ಯಾಟ್ ಬಿಸಿ. ಕಾರು 15 ಆಂಪಿಯರ್ ಎಳೆದರೆ 22 ವ್ಯಾಟ್ ದಾಟುತ್ತದೆ. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ ಇರೋದೇ 25 ವ್ಯಾಟ್. ಗೋಡೆಯೊಳಗೆ ಒಂದು ಸೋಲ್ಡರಿಂಗ್ ಐರನ್ ಹೊತ್ತಿಸಿಟ್ಟು ಮಲಗಿದ ಹಾಗೆ.

ಎರಡನೆಯದು ಹೊತ್ತು. ಗೀಜರ್ ಕಾಲು ಗಂಟೆ ಓಡಿ ನಿಲ್ಲುತ್ತದೆ, ಬಿಸಿಯಾದ ಪ್ಲಗ್ ತಣ್ಣಗಾಗುತ್ತದೆ. ಇಸ್ತ್ರಿಪೆಟ್ಟಿಗೆ ಆಗಾಗ ತಾನೇ ಆಫ್ ಆಗುತ್ತದೆ. ಕಾರು ಐದಾರು ಗಂಟೆ ಬಿಡದೆ ಎಳೆಯುತ್ತದೆ. ಬಿಸಿಯಾದ ಲೋಹ ಹಿಗ್ಗುತ್ತದೆ, ಆಮೇಲೆ ಕುಗ್ಗುತ್ತದೆ, ಸ್ಕ್ರೂ ಇನ್ನಷ್ಟು ಸಡಿಲ ಆಗುತ್ತದೆ. ಹಳೇ ಮನೆಗಳ ಅಲ್ಯೂಮಿನಿಯಂ ವೈರ್ ಇದರಲ್ಲಿ ಇನ್ನೂ ಕೆಟ್ಟದ್ದು.

ವೈರಿಗೂ ಇದೇ ಲೆಕ್ಕ. ಎಲೆಕ್ಟ್ರಿಷಿಯನ್‌ಗಳು ಎರಡೂವರೆ ಎಂಎಂ, ನಾಲ್ಕು ಎಂಎಂ ಅನ್ನುತ್ತಾರಲ್ಲ, ಅದು ನಿಜವಾಗಿ ಚದರ ಮಿಲಿಮೀಟರ್, ತಾಮ್ರದ ಕೊಯ್ದ ಮುಖದ ಅಳತೆ. ಮೀಟರ್ ಬೋರ್ಡಿನಿಂದ ಕಾರು ನಿಲ್ಲಿಸುವ ಜಾಗಕ್ಕೆ 30 ಮೀಟರ್ ಇದ್ದರೆ, ಹೋಗಿ ಬರುವ ತಾಮ್ರ 60 ಮೀಟರ್. ಎರಡೂವರೆ ಎಂಎಂ ವೈರಿನಲ್ಲಿ 15 ಆಂಪಿಯರ್ ಹರಿದರೆ ದಾರಿಯಲ್ಲೇ ಸುಮಾರು 100 ವ್ಯಾಟ್ ಬಿಸಿಯಾಗಿ ಹೋಗುತ್ತದೆ. ನಾಲ್ಕು ಎಂಎಂ ಆದರೆ 60 ಚಿಲ್ಲರೆ. 7.2 ಕಿಲೋವ್ಯಾಟ್ ಪೆಟ್ಟಿಗೆಗೆ ಬೇಕಾದ 32 ಆಂಪಿಯರನ್ನು ಅದೇ ಎರಡೂವರೆ ಎಂಎಂನಲ್ಲಿ ಕಳಿಸಿದರೆ 450 ವ್ಯಾಟ್! ಅದಕ್ಕೇ ಅಲ್ಲಿ ಕನಿಷ್ಠ ಆರು ಎಂಎಂ ಅನ್ನೋದು.

ಈ ಸಮಸ್ಯೆ ನಮ್ಮ ಜಿಲ್ಲೆಗಳಿಗೆ ಹಳೇ ಪರಿಚಯ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಕರೆಂಟ್ ಕಳಿಸಿದಾಗ, ದಾರಿಯ ತಂತಿಯಲ್ಲೇ ಅದು ಬಿಸಿಯಾಗಿ ಸೋರಿಹೋಗದ ಹಾಗೆ ನೋಡಿಕೊಳ್ಳಬೇಕಿತ್ತು. ವೋಲ್ಟ್ ಏರಿಸಿದರೆ ಅಷ್ಟೇ ಶಕ್ತಿಗೆ ಆಂಪಿಯರ್ ಕಮ್ಮಿ ಸಾಕು. ಅವರು ಸಾವಿರಾರು ವೋಲ್ಟ್‌ಗೆ ಏರಿಸಿ ಕಳಿಸಿದರು. ನಮಗೆ ಆ ದಾರಿ ಇಲ್ಲ, ಮನೆಗೆ ಬರೋದೇ 230 ವೋಲ್ಟ್. ವೈರ್ ದಪ್ಪ ಮಾಡಬೇಕು, ಅಷ್ಟೆ.

ಇನ್ನು ಆ ಬಿಳಿ ಪೆಟ್ಟಿಗೆ. ಅದನ್ನು ಎಲ್ಲರೂ ಚಾರ್ಜರ್ ಅನ್ನುತ್ತಾರೆ. ನಿಜವಾದ ಚಾರ್ಜರ್ ಕಾರಿನ ಹೊಟ್ಟೆಯಲ್ಲಿದೆ. ಗೋಡೆಯಿಂದ ಬರುವ ಎಸಿಯನ್ನು (ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್) ಬ್ಯಾಟರಿಗೆ ಬೇಕಾದ ಡಿಸಿ (ಒಂದೇ ದಿಕ್ಕಿನ ಕರೆಂಟ್) ಮಾಡೋದು ಅದೇ. ಕೆಲವು ಕಾರುಗಳಲ್ಲಿ ಅದರ ಶಕ್ತಿ 3.3 ಕಿಲೋವ್ಯಾಟ್, ಕೆಲವದರಲ್ಲಿ 7.2. ಒಳಗೆ 3.3 ಇದ್ದರೆ ಗೋಡೆಗೆ ಎಷ್ಟು ದೊಡ್ಡ ಪೆಟ್ಟಿಗೆ ಹಾಕಿದರೂ 3.3ಕ್ಕಿಂತ ಜಾಸ್ತಿ ಕುಡಿಯಲ್ಲ. ಇದನ್ನು ಶೋರೂಮಿನಲ್ಲಿ ಕೇಳದೆ ಬರಬೇಡಿ.

ಪೆಟ್ಟಿಗೆ ಮಾಡೋದು ಒಂದು ಜಾಣ ಸ್ವಿಚ್ಚಿನ ಕೆಲಸ. ಕೇಬಲ್ ಚುಚ್ಚಿದಾಗ ಒಂದು ಸಣ್ಣ ತಂತಿಯಲ್ಲಿ ಸೆಕೆಂಡಿಗೆ 1000 ಸಲ ಆನ್-ಆಫ್ ಆಗುವ ಸಂಕೇತ ಹೋಗುತ್ತದೆ. ಅದರಲ್ಲಿ ಆನ್ ಇರುವ ಪಾಲು ಎಷ್ಟು ಅನ್ನೋದರಿಂದ ಕಾರಿಗೆ "ಇಷ್ಟು ಆಂಪಿಯರ್ ಎಳೆಯಬಹುದು" ಅಂತ ಗೊತ್ತಾಗುತ್ತದೆ. ಅರ್ಧ ಪಾಲು ಆನ್ ಇದ್ದರೆ 30 ಆಂಪಿಯರ್, ಶೇಕಡ 27ರ ಹತ್ತಿರ ಇದ್ದರೆ 16. ಕಾರು ಆ ತಂತಿಯ ವೋಲ್ಟನ್ನು 12ರಿಂದ 9ಕ್ಕೆ, ಆಮೇಲೆ 6ಕ್ಕೆ ಇಳಿಸಿ "ಸಿದ್ಧ" ಅನ್ನುತ್ತದೆ. ಆಗ ಪೆಟ್ಟಿಗೆಯೊಳಗೆ ಟಕ್ ಅಂತ ಸದ್ದು. ಆ ಟಕ್ ಆಗುವ ತನಕ ಕಾರಿನ ಕಡೆಯ ದಪ್ಪ ಪಿನ್ನುಗಳಲ್ಲಿ ಕರೆಂಟೇ ಇರಲ್ಲ. ಮಳೆಯಲ್ಲಿ ಚುಚ್ಚಲು ಹೆದರುವವರು ಈ ಟಕ್ ನೆನಪಿಟ್ಟುಕೊಳ್ಳಲಿ. ಜೊತೆಗೆ ಬಂದ ಕೇಬಲ್ಲಿನ ಇಟ್ಟಿಗೆ ಡಬ್ಬಿಯಲ್ಲೂ ಇದೇ ಏರ್ಪಾಡು. ಆದರೆ ಗೋಡೆ ಕಡೆಯ ಮೂರು ಪಿನ್ನಿಗೆ ಈ ರಕ್ಷಣೆ ಇಲ್ಲ. ನನ್ನ ಮನೆಯಲ್ಲಿ ಸುಟ್ಟಿದ್ದು ಆ ಕಡೆ.

ಬೇಕಾದ್ದು ಎಷ್ಟು? ಭಾವನ ಕಾರು ಯೂನಿಟ್‌ಗೆ 7 ಕಿಲೋಮೀಟರ್ ಓಡುತ್ತದೆ. 90 ಕಿಲೋಮೀಟರಿಗೆ 13 ಯೂನಿಟ್, ಚಾರ್ಜ್ ಆಗುವಾಗ ಸೋರಿಹೋಗುವುದು ಸೇರಿ 15 ಅನ್ನಿ. 15 ಆಂಪಿಯರ್ ಪ್ಲಗ್ಗಿನಲ್ಲಿ 3 ಕಿಲೋವ್ಯಾಟ್, ಅಂದರೆ ಗಂಟೆಗೆ 3 ಯೂನಿಟ್, ಸಿಕ್ಕರೂ ಐದು ಗಂಟೆ. ರಾತ್ರಿ ಹತ್ತಕ್ಕೆ ಹಾಕಿದರೆ ಮೂರಕ್ಕೆ ಮುಗಿಯಿತು. ದೊಡ್ಡ ಪೆಟ್ಟಿಗೆಯಾದರೆ ಹನ್ನೆರಡು ಗಂಟೆಗೇ ಮುಗಿಯುತ್ತದೆ. ಮುಗಿದು? ಬೆಳಗ್ಗೆ ತನಕ ಸುಮ್ನೆ ನಿಂತಿರುತ್ತದೆ. ಮನೆಯಲ್ಲಿ ಎರಡು ಕಾರಿದ್ದರೆ, ಸಂಜೆ ಬಂದು ರಾತ್ರಿಯೇ ಮತ್ತೆ ದೂರ ಹೊರಡುವವರಾದರೆ ಮಾತು ಬೇರೆ. ಉಳಿದವರಿಗೆ ನನ್ನ ಪ್ರಕಾರ ಅವಸರವಿಲ್ಲ.

7.2 ಕಿಲೋವ್ಯಾಟ್ ಅಂದರೆ ಮನೆಗೆ ಮಂಜೂರಾದ ಲೋಡ್ ಕೂಡ ಏರಿಸಬೇಕು. ಎಷ್ಟೋ ಮನೆಗಳದ್ದು 2, 3 ಕಿಲೋವ್ಯಾಟ್ ಇರುತ್ತದೆ. ಅರ್ಜಿ ಹಾಕಬೇಕು, ತಿಂಗಳ ನಿಗದಿ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿ ಏರುತ್ತದೆ. ಬೀದಿಯ ಟಿಸಿಯನ್ನೂ, ಅಂದರೆ ಟ್ರಾನ್ಸ್‌ಫಾರ್ಮರನ್ನೂ ನೆನೆಯಿರಿ. ಹತ್ತು ಮನೆಯವರು ಒಟ್ಟಿಗೆ ರಾತ್ರಿ ಹತ್ತಕ್ಕೆ ಇಂಥ ಪೆಟ್ಟಿಗೆ ಆನ್ ಮಾಡಿದರೆ 72 ಕಿಲೋವ್ಯಾಟ್. 100 ಕೆವಿಎ ಟಿಸಿ ಆದರೆ ಬಹುಪಾಲು ಅಲ್ಲೇ ಹೋಯಿತು.

ಗೃಹಜ್ಯೋತಿ ವಿಷಯ ಶೋರೂಮಿನಲ್ಲಿ ಯಾರೂ ಎತ್ತಲ್ಲ. ನಮ್ಮ ಮನೆಗೆ ತಿಂಗಳಿಗೆ 80 ಯೂನಿಟ್ ಸಾಕಾಗುತ್ತಿತ್ತು, ಬಿಲ್ ಸೊನ್ನೆ. ನಾನು ಓಡಿಸೋದು ದಿನಕ್ಕೆ 30 ಕಿಲೋಮೀಟರ್, ಸುಮಾರು 5 ಯೂನಿಟ್, ತಿಂಗಳಿಗೆ 150. ಒಟ್ಟು 230. 200 ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. 200ರ ಒಳಗಿದ್ದರೂ 2022-23ರ ಸರಾಸರಿಯ ಮೇಲೆ ಲೆಕ್ಕ ಹಾಕಿ ಕೊಟ್ಟ ಮಿತಿಗಿಂತ ಹೆಚ್ಚಾದದ್ದಕ್ಕೆ ದುಡ್ಡು ಕಟ್ಟಬೇಕು. ಮೊದಲ ಬಿಲ್ ನೋಡಿ ಮನೆಯವಳು ಮುಖ ನೋಡಿದಳು. ಯೂನಿಟ್‌ಗೆ 7 ರೂಪಾಯಿ ಅಂದುಕೊಂಡರೂ 1600 ರೂಪಾಯಿ. ಆದರೆ ಹಳೇ ಕಾರು ಅದೇ ಓಡಾಟಕ್ಕೆ ತಿಂಗಳಿಗೆ 60 ಲೀಟರ್ ಪೆಟ್ರೋಲ್ ಕುಡಿಯುತ್ತಿತ್ತು. ಸೊನ್ನೆ ಬಿಲ್ಲಿನ ಖುಷಿ ಹೋಯಿತು, ದುಡ್ಡು ಉಳಿಯಿತು.

ಭಾವನ ಮನೆಯಲ್ಲಿ ತೊಂದರೆ ಬೇರೆ ಥರ ಬಂತು. ಏಪ್ರಿಲ್ ತಿಂಗಳು, ಮೊದಲ ರಾತ್ರಿ, ಕೇಬಲ್ ಚುಚ್ಚಿದರೆ ಕೆಂಪು ದೀಪ. ಒಬ್ಬರು ಬಂದು ಕೇಬಲ್ಲೇ ಕೆಟ್ಟಿದೆ ಅಂದರು. ಇನ್ನೊಬ್ಬ ಹಳೇ ವೈರ್‌ಮನ್ ಮೀಟರ್ ಹಿಡಿದು ನೋಡಿ, ಏನೂ ಮಾತಾಡದೆ ಹಿತ್ತಲಿಗೆ ಹೋಗಿ ಅರ್ತ್ ಗುಂಡಿಗೆ ಎರಡು ಬಕೆಟ್ ನೀರು ಸುರಿದರು. ಸ್ವಲ್ಪ ಹೊತ್ತಿಗೆ ದೀಪ ಹಸಿರಾಯಿತು!

ಇದರಲ್ಲಿ ಮಾಯೆ ಇಲ್ಲ. ಒಣ ಮಣ್ಣಿನಲ್ಲಿ ಕರೆಂಟ್ ಹರಿಯಲ್ಲ. ನೀರಿನಲ್ಲಿ ಕರಗಿದ ಉಪ್ಪು ಅದನ್ನು ಒಯ್ಯುತ್ತದೆ. ಗುಂಡಿಗೆ ಉಪ್ಪು, ಇದ್ದಿಲು ಹಾಕುವುದು ಅದಕ್ಕೇ. ಫ್ಯಾನು, ಟಿವಿ ಅರ್ತ್ ಇಲ್ಲದೆಯೂ ಓಡುತ್ತವೆ, ಹಾಗಾಗಿ ಅದು ಸತ್ತು ಎಷ್ಟು ವರ್ಷ ಆಯಿತು ಅಂತ ಯಾರಿಗೂ ಗೊತ್ತಾಗಲ್ಲ. ಕಾರಿನ ಕೇಬಲ್ಲಿನ ಡಬ್ಬಿ ಮಾತ್ರ ಬಿಡಲ್ಲ, ಅರ್ತ್ ಸರಿಯಿಲ್ಲದಿದ್ದರೆ ಕೆಂಪು ದೀಪ. ಕಾರು ಅಂದರೆ ನಾಲ್ಕು ರಬ್ಬರ್ ಟೈರಿನ ಮೇಲೆ ನಿಂತ ಲೋಹದ ಪೆಟ್ಟಿಗೆ. ಒಳಗೆ ಎಲ್ಲೋ ಸೋರಿದ ಕರೆಂಟಿಗೆ ಅರ್ತ್ ದಾರಿ ಇಲ್ಲದಿದ್ದರೆ, ಬಾಗಿಲು ಮುಟ್ಟಿದವರ ಮೈಯೇ ದಾರಿ.

ಸೋರಿಕೆ ಹಿಡಿದು ಕರೆಂಟ್ ಕಡಿಯಲು ಮನೆಯ ಮೇನ್ ಸ್ವಿಚ್ ಬೋರ್ಡಿನಲ್ಲಿ (ಡಿಬಿ) ಆರ್‌ಸಿಸಿಬಿ ಇರಬೇಕು, 30 ಮಿಲಿ ಆಂಪಿಯರಿನದು. ಹೋದಷ್ಟೇ ಕರೆಂಟ್ ವಾಪಸ್ ಬಂತಾ ಅಂತ ಒಂದು ಕಬ್ಬಿಣದ ಉಂಗುರದ ಮೂಲಕ ನೋಡುತ್ತಾ ಇರುತ್ತದೆ. ಕಾರಿನಿಂದ ಡಿಸಿ ಸೋರಿದರೆ ಆ ಉಂಗುರ ಒಂದೇ ಕಡೆಗೆ ಅಯಸ್ಕಾಂತವಾಗಿ ಮಂಕಾಗಿಬಿಡಬಹುದು. ಆದ್ದರಿಂದ ಕಾರಿನ ಲೈನಿಗೆ 'ಎಸಿ' ಮಾದರಿ ಬೇಡ. 'ಎ' ಮಾದರಿ ಇರಲಿ, ಜೊತೆಗೆ ಚಾರ್ಜರ್ ಪೆಟ್ಟಿಗೆಯೊಳಗೆ 6 ಮಿಲಿ ಆಂಪಿಯರ್ ಡಿಸಿ ಸೋರಿಕೆ ಹಿಡಿಯುವ ಸೌಲಭ್ಯ ಇದೆಯಾ ಕೇಳಿ.

ಕೊನೆಗೆ ಭಾವ ಹೊಸ ಅರ್ತ್ ಗುಂಡಿ ತೋಡಿಸಿದರು. ಮೀಟರ್ ಬೋರ್ಡಿನಿಂದ ಶೆಡ್ಡಿಗೆ ನಾಲ್ಕು ಎಂಎಂ ತಾಮ್ರದ ವೈರ್ ಎಳೆಸಿದರು, ಬೇರೆ ಯಾವ ಪ್ಲಗ್ಗೂ ಅದರ ಮೇಲಿಲ್ಲ. ಅದಕ್ಕೇ ಬೇರೆ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್), ಬೇರೆ ಆರ್‌ಸಿಸಿಬಿ, ಒಂದು ಗಟ್ಟಿ ಸಾಕೆಟ್. ಪಕ್ಕದಲ್ಲಿ ಒಂದು ಖಾಲಿ ಪೈಪೂ ಹಾಕಿಸಿದ್ದಾರೆ, ಮುಂದೆ ಬೇಕಾದರೆ ಆರು ಎಂಎಂ ಎಳೆಯೋಕೆ. ಮೊದಲ ವಾರ ಚಾರ್ಜಿಗೆ ಹಾಕಿದ ಅರ್ಧ ಗಂಟೆಗೊಮ್ಮೆ ಹೋಗಿ ಪ್ಲಗ್ ಮೇಲೆ ಕೈಯಿಟ್ಟು ನೋಡುತ್ತಿದ್ದರಂತೆ. ಉಗುರುಬೆಚ್ಚಗೆ, ಅಷ್ಟೆ. ಬಿಳಿ ಪೆಟ್ಟಿಗೆ ಅಟ್ಟದ ಮೇಲೆ ದಸರಾ ಗೊಂಬೆಗಳ ಪಕ್ಕ ಕೂತಿದೆ.